ಮೊದಲು ದನಿ, ಆಮೇಲೆ ಕೈ

‘ಗಲಾಟೆ ಹುಡುಗರನ್ನ ಚೆನ್ನಾಗಿ ಓಡಿಸಿ ಮೇಷ್ಟ್ರೇ, ಮೈಯಲ್ಲಿರೋ ಕೊಬ್ಬು ಇಳಿದ್ರೆ ತಾವೇ ದಾರಿಗೆ ಬರ್ತಾರೆ’ ಎಂದು ನನಗೆ ಹೇಳಿದವರಿಗೆ ಲೆಕ್ಕವಿಲ್ಲ. ಮೈಸೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಬಾಲಮಂದಿರದಿಂದ ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ, ಮನೆಯಲ್ಲಿ ದಿನಾ ಏಟು ತಿಂದು ಬೆಳೆದವರಲ್ಲಿ ನಾನು ಕಂಡಿದ್ದು ಭಯ. ಎಷ್ಟು ಓಡಿಸಿದರೂ ಭಯ ಬೆವರಿನ ಜೊತೆ ಹರಿದುಹೋಗುವುದಿಲ್ಲ. ಅವರಿಗೆ ಬೇಕಾದದ್ದು ಇಂದಿನ ಹಾಗೆಯೇ ನಾಳೆಯೂ ಇರುವ ನಿಯಮ, ಇಂದಿನ ಹಾಗೆಯೇ ನಾಳೆಯೂ ಇರುವ ಒಬ್ಬ ದೊಡ್ಡವರು.

ಖೊಖೊ ಆಡಿದವರಿಗೆ ಗೊತ್ತು: 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣದ ನಡುವೆ 8 ಮಂದಿ ಸಾಲಾಗಿ ಕೂರುತ್ತಾರೆ. ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಅಟ್ಟುವ ಒಂಬತ್ತನೆಯವರು ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಎನ್ನುವ ತನಕ ಕೂತವರು ಏಳುವ ಹಾಗಿಲ್ಲ. ಬೇರೆ ಮಕ್ಕಳಿಗೆ ಇದೇನೂ ದೊಡ್ಡ ವಿಷಯವಲ್ಲ. ಬೆನ್ನ ಮೇಲೆ ಏಟೇ ತಿಂದ ಮಗುವಿಗೆ, ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡದೆ ಕೂರುವುದೇ ದೊಡ್ಡ ಪರೀಕ್ಷೆ.

ಅಂಥ ಒಬ್ಬ ಹುಡುಗನಿದ್ದ. ಹೆಸರು, ಊರು ಬರೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದಕ್ಕೆ ಅವಕಾಶ ಕೊಡುವುದಿಲ್ಲ, ಕೊಟ್ಟರೂ ನಾನು ಬರೆಯುತ್ತಿರಲಿಲ್ಲ. ಮೊದಲ ಸಲ ಸಾಲಿನಲ್ಲಿ ಕೂತವನು ಬೆನ್ನಿಗೆ ಕೈ ತಗುಲಿದ್ದೇ ತಡ ಎರಡೂ ಮೊಣಕೈ ಎತ್ತಿ ತಲೆ ಮುಚ್ಚಿಕೊಂಡ. ಮರುಗಳಿಗೆಯಲ್ಲಿ ತಿರುಗಿ ಖೋ ಕೊಟ್ಟವನ ಮುಖಕ್ಕೆ ಗುದ್ದಿದ. ಹುಡುಗರು ಅವನನ್ನು ಹೊರಗೆ ಹಾಕಿ ಎಂದರು. ಗುದ್ದು ತಿಂದವನ ಮೂಗು ತೊಳೆಸಿ, ಇವನನ್ನು ನನ್ನ ಪಕ್ಕ ಕೂರಿಸಿಕೊಂಡೆ. ‘ಯಾಕೆ ಹೊಡೆದೆ’ ಎಂದು ಕೇಳಲಿಲ್ಲ. ಅವನ ಮೊಣಕೈಯೇ ಹೇಳಿತ್ತು.

ಮಾರನೆಯ ದಿನದಿಂದ ಅಭ್ಯಾಸದ ಮಟ್ಟಿಗೆ ಒಂದು ನಿಯಮ ಮಾಡಿದೆ: ಮೊದಲು ದನಿ, ಆಮೇಲೆ ಕೈ. ಎರಡು ಹೆಜ್ಜೆ ದೂರದಿಂದಲೇ ಜೋರಾಗಿ ಹೆಸರು ಕೂಗಬೇಕು, ಆಮೇಲೆ ಖೋ ಎಂದು ಮುಟ್ಟಬೇಕು. ನಿಯಮ ಅವನೊಬ್ಬನಿಗಲ್ಲ, ಎಲ್ಲರಿಗೂ. ತನಗೆ ಯಾರು ಖೋ ಕೊಡಬೇಕು ಎನ್ನುವುದನ್ನು ಮಾತ್ರ ಅವನೇ ಆರಿಸಲಿ ಎಂದೆ. ಅವನು ಬೆರಳು ಮಾಡಿ ತೋರಿಸಿದ್ದು ತಾನು ಗುದ್ದಿದವನನ್ನೇ. ಆ ಹುಡುಗನೂ ದೊಡ್ಡ ಮನಸ್ಸಿನವನು. ‘ಯೋಳ್ಬುಟ್ಟೇ ಮುಟ್ತೀನಿ ಕಣ್ಲಾ, ಹೆದ್ರಬ್ಯಾಡ’ ಎಂದ.

ಆಡುವುದಕ್ಕೆ ಮನಸ್ಸಿಲ್ಲದ ದಿನ ಅವನು ಟೇಪು ಹಿಡಿದು ನನ್ನ ಜೊತೆ ಸುಣ್ಣದ ಗೆರೆ ಎಳೆಯುತ್ತಿದ್ದ. ನಮ್ಮಿಬ್ಬರ ಮಾತುಕತೆ ನಡೆದದ್ದೆಲ್ಲ ಆ ಗೆರೆಗಳ ಮೇಲೆಯೇ. ಎದುರಿಗೆ ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಈ ಮಕ್ಕಳು ಬಾಯಿ ಬಿಡುವುದಿಲ್ಲ. ಒಟ್ಟಿಗೆ ಬಗ್ಗಿ ಕೆಲಸ ಮಾಡುವಾಗ ಒಂದೊಂದೇ ಮಾತು ಹೊರಗೆ ಬರುತ್ತದೆ. ಬಂದಷ್ಟು ಕೇಳಿಸಿಕೊಳ್ಳುವುದು, ಮುಂದಕ್ಕೆ ಕೆದಕದಿರುವುದು ನನ್ನ ಪದ್ಧತಿ.

ಅವನು ಮತ್ತೆ ಕೈ ಎತ್ತಲೇ ಇಲ್ಲವೆಂದೇನೂ ಅಲ್ಲ. ಎತ್ತಿದಾಗ ಆ ಸರದಿ ಮುಗಿಯುವವರೆಗೆ ಹೊರಗೆ, ಮುಂದಿನ ಸರದಿಗೆ ಒಳಗೆ. ಒಂದು ಸರದಿಗೆ 9 ನಿಮಿಷ. ನನ್ನ ದೃಷ್ಟಿಯಲ್ಲಿ ಆಟದ ದೊಡ್ಡ ಗುಣವೇ ಇದು. ಅವನು ಮನೆಯಲ್ಲಿ ಕಂಡ ಶಿಕ್ಷೆಗೆ ಕಾರಣವೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಇಲ್ಲಿ ಫೌಲ್ ಏಕೆಂದು ಎಲ್ಲರಿಗೂ ಗೊತ್ತು, ಸೀಟಿ ಊದಿದರೆ ಅದು ಮುಗಿಯಿತು. ‘ನಾಳೆಯಿಂದ ಬರಬೇಡ’ ಎಂಬ ಮಾತು ನನ್ನ ಮೈದಾನದಲ್ಲಿ ಇಲ್ಲ.

ಮೈದಾನ ಆಸ್ಪತ್ರೆಯಲ್ಲ, ಅದೂ ನನಗೆ ಗೊತ್ತು. ರಾತ್ರಿ ನಿದ್ದೆ ಬಾರದ, ಮೈಗೆ ತಾನೇ ಗಾಯ ಮಾಡಿಕೊಳ್ಳುವ ಮಗುವಿಗೆ ವೈದ್ಯರೇ ಬೇಕು. ದಾರಿ ತೋಚದ ಪೋಷಕರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿಂಸೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098, ಈ ಎರಡು ಸಂಖ್ಯೆಗಳನ್ನು ಕ್ರೀಡಾಸಾಮಗ್ರಿ ಕೋಣೆಯ ಬಾಗಿಲಿಗೇ ಅಂಟಿಸಿದ್ದೇನೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳೆಯರ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಹೆಮ್ಮೆ ನನಗೂ ಇದೆ. ಆದರೆ ಅಲ್ಲಿಂದೀಚೆಗೆ ಚುರುಕಾಗಿರುವವರನ್ನೇ ಆರಿಸಿ ಕಪ್ಪು ತನ್ನಿ ಎಂಬ ಒತ್ತಾಯವೂ ಜಾಸ್ತಿಯಾಗಿದೆ. ಕಪ್ಪಿನ ತಂಡ ಬೇರೆ ಇರಲಿ, ಸಂಜೆಯ ಆಟ ಬೇರೆ ಇರಲಿ. ಸಂಜೆಯ ಆಟಕ್ಕೆ ಆಯ್ಕೆಯೇ ಇಲ್ಲ, ಬಂದವರೆಲ್ಲ ಆಡುತ್ತಾರೆ.

ಆ ಹುಡುಗ ತಾಲ್ಲೂಕು ಮಟ್ಟಕ್ಕೂ ಹೋಗಲಿಲ್ಲ. ಈಗ ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದಾನೆ. ಎಸ್ಸೆಸ್ಸೆಲ್ಸಿ ವರ್ಷ ಅವನಿಗೆ ಆಡಲು ಸಿಕ್ಕಿದ್ದೂ ಕಡಿಮೆ. ಜನವರಿ ಬಂತೆಂದರೆ ಪಿ.ಟಿ. ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಹತ್ತನೇ ತರಗತಿಯ ಇಂಥ ಮಕ್ಕಳಿಗಾದರೂ ಅದನ್ನು ಉಳಿಸಿಕೊಡಿ ಎಂದು ಪ್ರತಿ ವರ್ಷ ಕೇಳುತ್ತೇನೆ. ಈ ಸಲ ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ ಸಿಕ್ಕಿದೆ.