ಎನ್‌ಎಚ್‌ಎಸ್ ಗಲಾಟೆಯಲ್ಲಿ ನಿಮಗೂ ದನಿ ಇದೆ

ಇಂಗ್ಲೆಂಡಿನ ಜನ ಜಿಪಿ (ಮೊದಲು ತೋರಿಸಿಕೊಳ್ಳುವ ಸ್ಥಳೀಯ ಡಾಕ್ಟರ್) ಅಪಾಯಿಂಟ್‌ಮೆಂಟ್ ಸಿಗಲ್ಲ ಅಂತ ದಿನಾ ಗೊಣಗುತ್ತಾರೆ. ಆದರೆ ಸರ್ಕಾರ ಎನ್‌ಎಚ್‌ಎಸ್‌ಗೆ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ, ಕೈ ಹಾಕಿದರೆ ಅದೇ ಜನ ಬೀದಿಗಿಳಿಯುತ್ತಾರೆ. ಹೊಸದಾಗಿ ಬಂದವರಿಗೆ ಇದು ವಿಚಿತ್ರ ಅನ್ನಿಸಬಹುದು. 1948ರಿಂದ ಎನ್‌ಎಚ್‌ಎಸ್‌ನಲ್ಲಿ ಇಲ್ಲಿನ ನಿವಾಸಿಗಳನ್ನು ಆಪರೇಷನ್‌ಗೆ ಮುಂಚೆ ಅಡ್ವಾನ್ಸ್ ಕಟ್ಟಿ ಅಂತ ಕೇಳುವುದಿಲ್ಲ. ಅದು ಕೈತಪ್ಪೀತು ಅನ್ನೋ ಭಯ ಅವರದ್ದು.

ದೊಡ್ಡ ಜಗಳ ನಡೆದದ್ದು 2010-12ರಲ್ಲಿ. ಆರೋಗ್ಯ ಸಚಿವ ಆಂಡ್ರ್ಯೂ ಲ್ಯಾನ್ಸ್‌ಲಿ ಚಿಕಿತ್ಸೆಯ ಬಜೆಟ್ಟನ್ನು ಜಿಪಿಗಳ ಗುಂಪುಗಳಿಗೆ ವಹಿಸಿ, ಖಾಸಗಿಯವರ ಪೈಪೋಟಿಗೂ ದಾರಿ ಮಾಡಲು ಹೊರಟರು. ವೈದ್ಯರ, ನರ್ಸ್‌ಗಳ ಸಂಘಗಳು ತಿರುಗಿಬಿದ್ದವು. ಮಸೂದೆಯನ್ನು ಸ್ವಲ್ಪ ಕಾಲ ತಡೆದು, ತಿದ್ದಿ, 2012ರಲ್ಲಿ ಪಾಸು ಮಾಡಿಕೊಂಡರು. 2022ರ ಕಾಯ್ದೆ ಆ ಜಿಪಿ ಗುಂಪುಗಳನ್ನೇ ರದ್ದು ಮಾಡಿತು! ಇಷ್ಟಕ್ಕೆ ಅಷ್ಟೊಂದು ರಂಪ ಬೇಕಿತ್ತಾ ಅನ್ನಿಸುತ್ತದೆ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಲಂಡನ್ನಿನ ಲೂಯಿಶಮ್ ಆಸ್ಪತ್ರೆಯ ಕಥೆ. ಸಾಲದಲ್ಲಿ ಮುಳುಗಿದ್ದು ಪಕ್ಕದ ಟ್ರಸ್ಟ್ (ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಸಂಸ್ಥೆ). ಸರ್ಕಾರ ಕತ್ತರಿ ಹಾಕಲು ಹೊರಟದ್ದು ಲೂಯಿಶಮ್‌ನ ತುರ್ತು ಚಿಕಿತ್ಸೆ ಮತ್ತು ಹೆರಿಗೆ ವಿಭಾಗಕ್ಕೆ. 2013ರ ಜನವರಿಯಲ್ಲಿ ಸಾವಿರಾರು ಜನ ಮೆರವಣಿಗೆ ಹೋದರು. ಸ್ಥಳೀಯ ಕೌನ್ಸಿಲ್ ಮತ್ತು ಹೋರಾಟಗಾರರು ಕೋರ್ಟಿಗೂ ಹೋದರು. ಸಚಿವ ಜೆರೆಮಿ ಹಂಟ್‌ಗೆ ಹೀಗೆ ಕತ್ತರಿ ಹಾಕುವ ಅಧಿಕಾರವೇ ಇಲ್ಲ ಅಂತ ಹೈಕೋರ್ಟ್ ಹೇಳಿತು, ಮೇಲ್ಮನವಿಯಲ್ಲೂ ಸರ್ಕಾರ ಸೋತಿತು. ಮರುವರ್ಷ ಅಂಥ ಅಧಿಕಾರ ಸಿಗುವಂತೆ ಸರ್ಕಾರ ಕಾನೂನನ್ನೇ ಬದಲಿಸಿತು, ಅದು ಬೇರೆ ಮಾತು.

ನಾವು ವೀಸಾದವರು, ನಮಗ್ಯಾಕೆ ಅಂತ ಸುಮ್ನೆ ಕೂರಬೇಡಿ. ವೀಸಾ ಜೊತೆ ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್, ಅಂದರೆ ಎನ್‌ಎಚ್‌ಎಸ್ ಬಳಸುವ ಶುಲ್ಕ, ಕಟ್ಟಿರುತ್ತೀರಿ (ವಿದ್ಯಾರ್ಥಿಗಳಿಗೆ ಕಡಿಮೆ, ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ವಿನಾಯಿತಿ). ಸಂಬಳದಿಂದ ತೆರಿಗೆಯೂ ಹೋಗುತ್ತದೆ. ಜಾಸ್ತಿ ಜನರಿಗೆ ಗೊತ್ತಿಲ್ಲದ ಸಂಗತಿ: ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ವಾಸಿಸುವ 18 ದಾಟಿದ ಭಾರತೀಯರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಪಾರ್ಲಿಮೆಂಟ್ ಚುನಾವಣೆಯಲ್ಲೂ ವೋಟು ಹಾಕಬಹುದು. ಫ್ರಾನ್ಸ್, ಜರ್ಮನಿಯವರಿಗೆ ಆ ಹಕ್ಕಿಲ್ಲ. ಆನ್‌ಲೈನಲ್ಲಿ ಹೆಸರು ನೋಂದಾಯಿಸಿ.

ಪಾರ್ಲಿಮೆಂಟಿನ ಆನ್‌ಲೈನ್ ಅರ್ಜಿಗೂ ಸಹಿ ಹಾಕಬಹುದು. 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ನಿಮ್ಮ ಎಂಪಿಗೆ ಬರೆಯುವಾಗ ವಿಳಾಸ, ಪೋಸ್ಟ್‌ಕೋಡ್ ಹಾಕಿ. ಇಲ್ಲದಿದ್ದರೆ ತಮ್ಮ ಕ್ಷೇತ್ರದವರಲ್ಲ ಅಂತ ಬದಿಗಿಡುತ್ತಾರೆ.

ಊರಿನ ಆಸ್ಪತ್ರೆ ವಿಭಾಗ ಮುಚ್ಚುವ ಮಾತು ಬಂದರೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಅಲ್ಲಿ ‘ಎನ್‌ಎಚ್‌ಎಸ್ ಉಳಿಸಿ’ ಅಂತ ಬರೆದರೆ ಸಾಲದು. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿದರೆ ಎಷ್ಟು ಬಸ್ ಬದಲಿಸಬೇಕು, ಕೊನೆಯ ಬಸ್ ಎಷ್ಟೊತ್ತಿಗೆ, ಟ್ಯಾಕ್ಸಿಗೆಷ್ಟು, ಇಷ್ಟು ಬರೆಯಿರಿ.