ಬಂದವರನ್ನು ನೋಡಿ ಬರೆಯುವ ನಾಟಕ

ಸಮುದಾಯದ ಜೊತೆ ನಾಟಕ ಕಟ್ಟುವ ಕೆಲಸಕ್ಕೆ ಬಂದು ಬಹಳ ವರ್ಷಗಳಾದವು. ಬರೆಯುವವನೂ ನಾನೇ, ನಿರ್ದೇಶಕನೂ ನಾನೇ. ಹೊಸದಾಗಿ ಈ ಕಡೆ ಬರುವವರು ಮೊದಲು ಕೇಳುವುದು, ‘ಯಾವ ನಾಟಕ ತಗೋಬೇಕು?’ ಅಂತ. ನಾನು ನಾಟಕ ತಗೊಂಡು ಹೋಗುವುದಿಲ್ಲ. ಯಾರು ಬರುತ್ತಾರೆ ಅಂತ ನೋಡಿ, ಆಮೇಲೆ ಬರೆಯುತ್ತೇನೆ.

ಶುರುವಿನಲ್ಲಿ ಬರೀ ಕೇಳುವ ಕೆಲಸ. ‘ನಿಮ್ಮ ಕಷ್ಟ ಏನು?’ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಕೆಲವರು ಭಾಷಣ ಶುರು ಮಾಡುತ್ತಾರೆ, ಉಳಿದವರು ತಲೆ ತಗ್ಗಿಸುತ್ತಾರೆ. ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀರಿ? ಮನೆಯಲ್ಲಿ ಎಸೆಯೋಕೆ ಮನಸ್ಸು ಬರದ ವಸ್ತು ಯಾವುದು? ಇಂಥವನ್ನು ಕೇಳುತ್ತೇನೆ. ಕತೆ ತಾನಾಗೇ ಬರುತ್ತದೆ.

ಒಂದು ಗುಂಪಿನಲ್ಲಿ ಆಸ್ಪತ್ರೆಯ ನೆಲ ಒರೆಸುವ ಹೆಂಗಸೊಬ್ಬರಿದ್ದರು. ಎಲ್ಲರೂ ಮಾತಾಡಿದರೂ ಅವರು ಬಾಯಿ ಬಿಡಲಿಲ್ಲ. ‘ಅಮ್ಮ, ಹೇಳೋದು ಬೇಡ. ಕೆಲಸ ಹೇಗೆ ಮಾಡ್ತೀರಿ ಅಂತ ತೋರಿಸಿ’ ಅಂದೆ. ಎದ್ದು ನಿಂತರು. ಇಲ್ಲದ ಬಕೆಟ್ಟಿನಲ್ಲಿ ಇಲ್ಲದ ಬಟ್ಟೆ ಅದ್ದಿ ಹಿಂಡಿದರು. ಎಡಕ್ಕೆ, ಬಲಕ್ಕೆ ಒರೆಸುತ್ತಾ ಹಿಂದೆ ಹಿಂದೆ ನಡೆದರು. ಒಂದು ಕಡೆ ಸರಕ್ಕನೆ ನಿಂತು, ಯಾರೋ ದಾಟಿ ಹೋಗಲಿ ಅಂತ ಕಾದು, ಅದೇ ಜಾಗವನ್ನು ಮತ್ತೆ ಒರೆಸಿದರು. ಆ ನಿಲ್ಲುವಿಕೆಯಲ್ಲೇ ಒಂದು ದೃಶ್ಯ ಇತ್ತು. ಇಡೀ ಮೇಳ, ಅಂದರೆ ಒಟ್ಟಾಗಿ ಆಡುವ ಗುಂಪು, ಹಿಂದೆ ಹಿಂದೆ ನಡೆದುಕೊಂಡು ರಂಗಕ್ಕೆ ಬರುವುದರಿಂದಲೇ ನಾಟಕ ಶುರುವಾಯಿತು.

ಅವರಿಗೆ ಅಂತ ನಾನು ಬರೆದ ಮಾತು, ‘ಯಾರೂ ನನ್ನ ಮುಖ ನೋಡುವುದಿಲ್ಲ.’ ಓದಿ ಹೇಳಿದೆ. ‘ನಾನು ಹಂಗೆ ಅನ್ನಲ್ಲಪ್ಪ. ಚಪ್ಪಲಿ ನೋಡಿದ್ರೆ ಸಾಕು, ಯಾವ ಡಾಕ್ಟ್ರು ಅಂತ ನಂಗೆ ಗೊತ್ತಾಗುತ್ತೆ’ ಅಂದರು. ನಾಟಕದಲ್ಲಿ ಉಳಿದದ್ದು ಆ ಮಾತೇ. ನಾನು ಅವರನ್ನು ಯಾರೂ ನೋಡದವರು ಅಂದುಕೊಂಡು ಬರೆದಿದ್ದೆ. ಅವರು ಎಲ್ಲರನ್ನೂ ನೋಡುತ್ತಿದ್ದವರು. ಪಾತ್ರವೇ ತಿರುಗಿ ನಿಂತಿತು. ಇದಕ್ಕೇ ನಾನು ಮೊದಲ ಕರಡನ್ನು ಗುಂಪಿನ ಮುಂದೆ ಗಟ್ಟಿಯಾಗಿ ಓದುವುದು.

ಈ ಪದ್ಧತಿ ನಾನು ಹುಟ್ಟುಹಾಕಿದ್ದಲ್ಲ. 1977ರಲ್ಲಿ ಕೀನ್ಯಾದ ಕಮಿರೀಥು ಎಂಬ ಹಳ್ಳಿಯಲ್ಲಿ ಗೂಗಿ ವಾ ಥಿಯಾಂಗೋ ಮತ್ತು ಗೂಗಿ ವಾ ಮೀರೀ ಹಳ್ಳಿಯವರಿಗಾಗಿ ಗಿಕುಯು ಭಾಷೆಯಲ್ಲಿ ನಾಟಕ ಬರೆದರು. ಮಾತು ಸರಿಯಿಲ್ಲ ಅನ್ನಿಸಿದ ಕಡೆ ಹಳ್ಳಿಯವರೇ ತಿದ್ದಿದರು. ಬಯಲು ರಂಗಮಂದಿರವನ್ನೂ ಅವರೇ ಕಟ್ಟಿಕೊಂಡರು. ಸರ್ಕಾರ ಕೆಲವೇ ವಾರಗಳಲ್ಲಿ ಪ್ರದರ್ಶನ ನಿಲ್ಲಿಸಿತು. ಅದೇ ವರ್ಷದ ಕೊನೆಗೆ ಥಿಯಾಂಗೋ ಅವರನ್ನು ಬಂಧಿಸಿತು. ಜನ ತಮ್ಮದೇ ಮಾತನ್ನು ರಂಗದ ಮೇಲೆ ಆಡಿದರೆ ಅದಕ್ಕೆ ಎಷ್ಟು ಬಲ ಇರುತ್ತದೆ ಅನ್ನುವುದು ಆಳುವವರಿಗೂ ಗೊತ್ತಿತ್ತು, ಅಲ್ವಾ?

ಕತೆ ಕೊಟ್ಟವರನ್ನು ಕಾಪಾಡುವುದು ಬರೆಯುವವನ ಜವಾಬ್ದಾರಿ. ಮೂರ್ನಾಲ್ಕು ಜನರ ಅನುಭವ ಸೇರಿಸಿ ಒಂದು ಪಾತ್ರ ಮಾಡುತ್ತೇನೆ. ಇದು ಇಂಥವರದ್ದೇ ಅಂತ ನೋಡುವವರಿಗೆ ಗೊತ್ತಾಗಬಾರದು. ಒಪ್ಪಿಗೆಯನ್ನು ಒಂದು ಸಲ ಕೇಳಿದರೆ ಸಾಲದು. ಹೇಳಿದಾಗ ಕೇಳಬೇಕು, ಬರೆದ ಮೇಲೆ ಕೇಳಬೇಕು, ಜನ ನೋಡುವ ಮೊದಲು ಮತ್ತೊಮ್ಮೆ ಕೇಳಬೇಕು. ‘ಬೇಡ’ ಅಂದರೆ ಗ್ರ್ಯಾಂಡ್ ರಿಹರ್ಸಲ್ ದಿನವಾದರೂ ಆ ಭಾಗ ಹೋಗುತ್ತದೆ. ಬದಲಿಗೆ ಹಾಡೋ, ಬರೀ ಚಲನೆಯೋ ಇಡುತ್ತೇನೆ.

ಇನ್ನು ಕಟ್ಟುವ ವಿಷಯ. ಬರುವವರಿಗೆಲ್ಲ ಬೇರೆ ಕೆಲಸ ಇರುತ್ತದೆ. ಮಗುವಿಗೆ ಜ್ವರ ಬರುತ್ತದೆ, ಶಿಫ್ಟ್ ಬದಲಾಗುತ್ತದೆ. ತಾಲೀಮಿಗೆ ಒಂದೇ ದಿನ ಎಲ್ಲರೂ ಸಿಗುವುದು ಅಪರೂಪ. ಅದಕ್ಕೆ ನಾಟಕವನ್ನೇ ಹಾಗೆ ಬರೆಯುತ್ತೇನೆ. ದೃಶ್ಯಗಳು ಚಿಕ್ಕವು, ಐದಾರು ನಿಮಿಷದವು. ಒಂದೊಂದು ದೃಶ್ಯ ಒಂದೊಂದು ಸಣ್ಣ ಗುಂಪಿನದು. ಅವರು ತಮಗೆ ಆಗುವ ಹೊತ್ತಿಗೆ ಬಂದು ಕಲಿಯುತ್ತಾರೆ. ಕೊನೆಯ ವಾರಗಳಲ್ಲಿ ಎಲ್ಲವನ್ನೂ ಜೋಡಿಸುತ್ತೇವೆ. ಇಡೀ ಕತೆಯನ್ನು ಹೊರುವ ಒಬ್ಬ ನಾಯಕ ನನ್ನ ನಾಟಕಗಳಲ್ಲಿ ಇರುವುದಿಲ್ಲ. ಕತೆ ಮುಂದೆ ಸಾಗಿಸುವುದು ಮೇಳ. ಮೇಳದಲ್ಲಿ ಇಬ್ಬರು ಬರದಿದ್ದರೂ ನಾಟಕ ನಡೆಯುತ್ತದೆ. ತಡವಾಗಿ ಬಂದು ಸೇರಿದವರಿಗೂ ಜಾಗ ಸಿಗುತ್ತದೆ.

ಓದು ಬಾರದವರು ಮಾತನ್ನು ಕಿವಿಯಿಂದ ಕಲಿಯುತ್ತಾರೆ. ಎಷ್ಟೋ ಸಲ ಅವರೇ ಎಲ್ಲರಿಗಿಂತ ಬೇಗ ಕಲಿಯುತ್ತಾರೆ, ಪಕ್ಕದವರ ಮಾತನ್ನೂ ಕಲಿತುಬಿಡುತ್ತಾರೆ! ಮೊದಲ ಸಲ ರಂಗಕ್ಕೆ ಬಂದವರಿಗೆ ದೊಡ್ಡ ತೊಂದರೆ ಕೈಯದು. ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯುವುದಿಲ್ಲ. ಸಹಜವಾಗಿರಿ ಅಂದರೆ ಇನ್ನೂ ಬಿಗಿಯುತ್ತಾರೆ. ಕೈಗೆ ಒಂದು ಕೆಲಸ ಕೊಡುತ್ತೇನೆ: ಬಟ್ಟೆ ಮಡಿಸುವುದು, ಹಗ್ಗ ಸುತ್ತುವುದು. ಕೆಲಸ ಶುರುವಾದ ತಕ್ಷಣ ಮಾತು ಸಲೀಸಾಗುತ್ತದೆ. ದನಿ ಸಾಲದಿದ್ದರೆ ‘ಜೋರಾಗಿ’ ಅನ್ನುವುದಿಲ್ಲ. ಅವರ ಗೆಳೆಯರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ‘ಅವರಿಗೆ ಹೇಳಿ’ ಅನ್ನುತ್ತೇನೆ.

ನೋಡಲು ಬಂದವರನ್ನೂ ಸುಮ್ನೆ ಕಳಿಸಲು ನನಗೆ ಇಷ್ಟವಿಲ್ಲ. ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೋ ಬೋಲ್ ರೂಪಿಸಿದ ಫೋರಂ ರಂಗಭೂಮಿಯಿಂದ ನಾನು ಬಹಳ ಪಡೆದಿದ್ದೇನೆ. ಅನ್ಯಾಯದ ದೃಶ್ಯವನ್ನು ಒಮ್ಮೆ ಪೂರ್ತಿ ಆಡಿ, ಮತ್ತೆ ಮೊದಲಿಂದ ಆಡುತ್ತೇವೆ. ಈ ಸಲ ನೋಡುವವರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಅಂದು, ರಂಗಕ್ಕೆ ಬಂದು, ತಾವಾಗಿದ್ದರೆ ಏನು ಮಾಡುತ್ತಿದ್ದೆವು ಅಂತ ಆಡಿ ತೋರಿಸಬಹುದು. ಒಂದೇ ನಿಯಮವೆಂದರೆ, ಬಾಯಲ್ಲಿ ಸಲಹೆ ಹೇಳಿದರೆ ಆಗದು, ಮಾಡಿ ತೋರಿಸಬೇಕು. ಕೂತಲ್ಲಿಂದ ಬಹಳ ಸುಲಭ ಅನ್ನಿಸಿದ್ದು ಎದುರಿಗೆ ಮೇಲಧಿಕಾರಿಯ ಪಾತ್ರಧಾರಿ ನಿಂತಾಗ ಸುಲಭವಲ್ಲ ಅಂತ ಅವರಿಗೇ ಗೊತ್ತಾಗುತ್ತದೆ. ಚರ್ಚೆ ನಿಜವಾಗಿ ಶುರುವಾಗುವುದು ಆಗ.

ಪ್ರದರ್ಶನ ಮುಗಿದ ಮೇಲೆ ಬರೆದದ್ದರ ಪ್ರತಿ ಎಲ್ಲರಿಗೂ ಕೊಡುತ್ತೇನೆ. ಓದು ಬಾರದವರಿಗೆ ಧ್ವನಿಮುದ್ರಣ. ನಾನಿಲ್ಲದೆಯೂ ಅವರು ಅದನ್ನು ಆಡಬಹುದು, ಬದಲಾಯಿಸಬಹುದು. ಆ ಆಸ್ಪತ್ರೆಯ ಗುಂಪು ಹಾಗೇ ಮಾಡಿತು. ಎರಡು ದೃಶ್ಯ ತೆಗೆದು, ರಾತ್ರಿ ಪಾಳಿಯ ಬಗ್ಗೆ ತಾವೇ ಒಂದು ಹೊಸ ದೃಶ್ಯ ಕಟ್ಟಿದರು. ನಾನು ನೋಡಲು ಹೋದಾಗ ನನಗೂ ‘ನಿಲ್ಲಿಸಿ’ ಅನ್ನುವ ಅವಕಾಶ ಇತ್ತು. ಅಂದೆ, ಎದ್ದು ಹೋಗಿ ಆಡಿದೆ.