ಡಬ್ಬಿ ಫೋಟೋ ಕೊಳ್ಳೋಕೆ ಹೋಗ್ತೀರಾ? ಜೇಬಲ್ಲೊಂದು ಅಯಸ್ಕಾಂತ ಇರಲಿ

ಹಳೇ ಸಾಮಾನಿನ ಅಂಗಡಿಯಲ್ಲಿ ಅಂಗೈಯಗಲದ ಮಡಚುವ ಡಬ್ಬಿ, ಒಳಗೆ ಮೀಸೆ ತಿರುವಿದ ಬ್ರಿಟಿಷ್ ಸೈನ್ಯಾಧಿಕಾರಿಯ ಫೋಟೋ. ಸಿಕ್ಕಿದ ತಕ್ಷಣ ದುಡ್ಡು ತೆಗೀಬೇಡಿ. ಮೊದಲು ಓರೆ ಮಾಡಿ ನೋಡಿ. ಒಂದು ಕಡೆಯಿಂದ ಮುಖ, ಇನ್ನೊಂದು ಕಡೆಯಿಂದ ಬರೀ ಕನ್ನಡಿ ಕಂಡರೆ ಅದು ಡಾಗೆರೋಟೈಪ್. ತಾಮ್ರದ ತಗಡಿಗೆ ಬೆಳ್ಳಿ ಲೇಪ, 1839ರಲ್ಲಿ ಜಗತ್ತಿಗೆ ಗೊತ್ತಾದ ವಿಧಾನ. ಹಾಗೆ ಹೊಳೆಯದಿದ್ದರೆ ಅಯಸ್ಕಾಂತ ಹಿಡಿಯಿರಿ. ಎಳೆದರೆ ಕಬ್ಬಿಣದ ತಗಡಿನ ಟಿನ್‌ಟೈಪ್. ಎಳೆಯದಿದ್ದರೆ ಹೆಚ್ಚಾಗಿ ಗಾಜಿನ ಆಂಬ್ರೋಟೈಪ್. ಇವೆರಡೂ 1850ರ ದಶಕದಲ್ಲಿ ಬಂದವು.

ಎಡಗಡೆ ಇರಬೇಕಾದ ಕತ್ತಿ ಬಲಗಡೆ ನೇತಾಡುತ್ತಿದ್ದರೆ ನಕಲಿ ಅಂದುಕೊಳ್ಳಬೇಡಿ. ಇವುಗಳಲ್ಲಿ ಎಡಬಲ ಸಾಮಾನ್ಯವಾಗಿ ಅದಲುಬದಲು. ಬೆಲ್ಟಿನ ಬಿಲ್ಲೆ ಮೇಲಿನ ಅಕ್ಷರಗಳನ್ನು ಕನ್ನಡಿ ಹಿಡಿದು ಓದಿ. ಪಲ್ಟನ್ನಿನ ಗುರುತು ಸಿಗುವುದು ಅಲ್ಲೇ. ಗುಂಡಿಗಳಿಗೆ ಕುಂಚದಿಂದ ಚಿನ್ನದ ಬಣ್ಣ ಮುಟ್ಟಿಸಿರುತ್ತಾರೆ, ನೋಡೋಕೆ ಎಷ್ಟು ಚೆಂದ ಅಂತೀರಿ!

"ಇದು ಸುರಪುರದಲ್ಲಿದ್ದ ಟೇಲರ್ ಸಾಹೇಬರದೇ" ಅಂತ, ಅಂದರೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರದು ಅಂತ, ಅಂಗಡಿಯವರು ಹೇಳಿದರೆ ಸುಮ್ನೆ ನಂಬಬೇಡಿ. ನಮ್ಮ ಕಡೆ ಸಿಕ್ಕ ಬಿಳಿಯರೆಲ್ಲ ಟೇಲರ್ ಸಾಹೇಬರೇ ಆಗ್ತಾರೆ! ತಗಡಿನ ಹಿಂದೆ ಹೆಸರಿನ ಚೀಟಿ ಇದೆಯಾ ಕೇಳಿ.

ಇನ್ನೊಂದು ಮಾತು. ಡಾಗೆರೋಟೈಪಿನ ಮೇಲಿನ ಗಾಜು ತೆಗೆದು ಒಳಗಿನ ತಗಡನ್ನು ಒರೆಸಲೇಬೇಡಿ. ಬಿದ್ರಿ ಹೂಜಿ ತಿಕ್ಕಿ ಹೊಳಪು ತರುವ ಅಭ್ಯಾಸದಲ್ಲಿ ನಾನು ಹತ್ತಿಬಟ್ಟೆಯಿಂದ ಒಂದೇ ಸಲ ಸವರಿದೆ. ಸಾಹೇಬರ ಮೂಗು, ಅರ್ಧ ಮೀಸೆ ಹೋಯಿತು. ಕಲಬುರಗಿ ಬೇಸಿಗೆಯಲ್ಲಿ ಟ್ರಂಕಿನಲ್ಲೂ ಇಡಬೇಡಿ. ಕೆಲವು ಡಬ್ಬಿಗಳು ಅರಗು, ಮರದ ಪುಡಿ ಸೇರಿಸಿ ಅಚ್ಚು ಹಾಕಿದವು, ಬಿಸಿ ಜಾಸ್ತಿಯಾದರೆ ಸೊಟ್ಟಗಾಗುತ್ತವೆ. ನಾನು ಒಳಕೋಣೆಯ ಗೋಡೆ ಅಲಮಾರಿಯಲ್ಲಿ, ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ.